ನಾಲ್ಕನೇ ನಂಬರಿನ ಸೀಲು

ನನ್ನ ಜೆರಾಕ್ಸ್ ಅಂಗಡಿಗೂ ಪಕ್ಕದ ಗಡಿಯಾರ ರಿಪೇರಿಯವನ ಅಂಗಡಿಗೂ ನಡುವೆ, ಮೆಟ್ಟಿಲ ಕೆಳಗೆ, ಒಂದು ಬೀರುವಿನಷ್ಟು ಜಾಗವಿದೆ. ಅಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಬಲ್ಬು, ಒಬ್ಬಳು ಹೆಂಗಸು. ರಬ್ಬರ್ ಹಾಳೆಯ ಮೇಲೆ ಅಕ್ಷರ ಕೆತ್ತಿ ಸೀಲು ಮಾಡಿಕೊಡುವುದು ಅವಳ ಕಸುಬು. ಬೀದಿಯವರೆಲ್ಲ ಅವಳನ್ನು ಸೀಲಮ್ಮ ಎನ್ನುತ್ತಾರೆ. ಪೋಸ್ಟ್‌ಮ್ಯಾನ್ ಅದನ್ನು ಶೀಲಮ್ಮ ಎಂದು ಕೇಳಿಸಿಕೊಂಡು ಹಾಗೇ ಬರೆದ, ಅವನನ್ನು ನೋಡಿ ಕರೆಂಟ್ ಬಿಲ್ಲಿನವನೂ ಬರೆದ, ಈಗ ಅರ್ಧ ಬೀದಿಗೆ ಅದೇ ಅವಳ ಹೆಸರು. ಅವಳು ಒಬ್ಬರನ್ನೂ ತಿದ್ದಲಿಲ್ಲ. "ಹೋಗ್ಲಿ ಬಿಡಕ್ಕ, ಅವರಿಗೆ ಅಭ್ಯಾಸ ಆಗ್ಬಿಟ್ಟಿದೆ" ಅಂದಳು. ಅವಳ ಸ್ವಭಾವವೆಲ್ಲ ಆ ಒಂದು ಮಾತಿನಲ್ಲಿದೆ. ನನಗೆ ಮೈ ಉರಿಯುವುದೂ ಅದಕ್ಕೇ.

ಸೀಲಿನ ಕೆಲಸದಲ್ಲಿ ಎಲ್ಲವೂ ಉಲ್ಟಾ. ಕಾಗದದ ಮೇಲೆ ಸರಿಯಾಗಿ ಬೀಳಬೇಕಾದರೆ ರಬ್ಬರಿನ ಮೇಲೆ ತಿರುವುಮುರುವಾಗಿ ಕೆತ್ತಬೇಕು. ಹನ್ನೊಂದು ವರ್ಷ ಹೀಗೆ ಕೆತ್ತಿ ಕೆತ್ತಿ ಅವಳಿಗೆ ಎಡ ಯಾವುದು ಬಲ ಯಾವುದು ಎನ್ನುವುದೇ ಕಲಸಿಹೋಗಿತ್ತು. ದಾರಿ ಕೇಳಿದವರಿಗೆ ಕೈಯಲ್ಲಿ ಒಂದು ಕಡೆ ತೋರಿಸಿ ಬಾಯಲ್ಲಿ ಇನ್ನೊಂದು ಕಡೆ ಹೇಳುತ್ತಿದ್ದಳು. ಇನ್ನು ಅವಳ ಜನ್ಮಶತ್ರು ಎಂದರೆ ಒತ್ತಕ್ಷರ. ಒತ್ತು ಸಾಲಿನಿಂದ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬೇಕು, ಜಾಗ ಬೇಕೆಂದರೆ ರಬ್ಬರ್ ಅಂಟಿಸುವ ಹಿಡಿಯೂ ದೊಡ್ಡದು ಬೇಕು. ಗಿರಾಕಿಗಳೋ ಇದ್ದುದರಲ್ಲಿ ಚಿಕ್ಕ ಹಿಡಿಯನ್ನೇ ಆರಿಸಿ ಅದರ ಮೇಲೆ ಇಡೀ ಪುರಾಣ ಬರೆಸಲು ನೋಡುವವರು. ಆಗ ಅವಳು, ತಪ್ಪು ತನ್ನದೇ ಎನ್ನುವ ಹಾಗೆ, "ಒಂದು ಪದ ಬಿಡಬೇಕಾಗುತ್ತೆ ಸರ್, ಜಾಗ ಸಾಲಲ್ಲ" ಅನ್ನುವಳು. ದಿನಕ್ಕೆ ಹತ್ತು ಸಲ ಗೋಡೆಯಾಚೆಯಿಂದ ನನಗೆ ಈ ಮಾತು ಕೇಳುತ್ತಿತ್ತು. ಬಸುರಿಯಾದ ಮೇಲೆ ಒಂದು ದಿನ, "ನನ್ನ ಮಗೂಗೆ ಒತ್ತಕ್ಷರ ಇಲ್ಲದ ಹೆಸರೇ ಇಡೋದು ಅಕ್ಕ, ನಾಳೆ ಅದಕ್ಕೂ ಒಂದು ಸೀಲು ಬೇಕಾದ್ರೆ?" ಎಂದು ನಕ್ಕಿದ್ದಳು.

ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು ಅದು. ಗಂಡ ಲಿಫ್ಟ್ ಮೆಕ್ಯಾನಿಕ್, ದಿನವೆಲ್ಲ ಯಾವುದೋ ಕಟ್ಟಡದ ಬಾವಿಯಂಥ ಕತ್ತಲೆಯಲ್ಲಿ ಹಗ್ಗ ಹಿಡಿದು ನೇತಾಡುವವನು. ಫೋನ್ ಮಾಡಿದರೆ ಸಿಗುವುದಿಲ್ಲ. ಅಮ್ಮ ಇರುವುದು ಬಸ್ಸಿನಲ್ಲಿ ಒಂಬತ್ತು ಗಂಟೆಯ ದೂರದ ಇನ್ನೊಂದು ಊರಿನಲ್ಲಿ. ಮಂಡಿ ನೋವಿನಿಂದ ಅವಳು ಇಲ್ಲಿಗೆ ಬರುವ ಹಾಗಿಲ್ಲ. ಹಾಗಾಗಿ ಹೆರಿಗೆಗೆ ಇವಳೇ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಇಲ್ಲಿನ ದೊಡ್ಡ ಡಾಕ್ಟರು ಮಾತ್ರ ಒಂದು ಷರತ್ತು ಹಾಕಿದ್ದರು. ಮೂವತ್ತೇಳನೇ ವಾರದಲ್ಲಿ ಒಂದು ಸಲ ನೋಡುತ್ತೇನೆ, ಮಗು ಸರಿಯಾಗಿ ಕೂತಿದ್ದರೆ ಹೋಗು, ಇಲ್ಲದಿದ್ದರೆ ಇಲ್ಲಿಂದ ಕದಲುವಂತಿಲ್ಲ. ಇವಳು ಆ ಗುರುವಾರ ತೋರಿಸಿಕೊಂಡು ಶನಿವಾರ ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ಹೊರಡುವುದೆಂದು ಟಿಕೆಟ್ ತೆಗೆಸಿದ್ದಳು.

ಗುರುವಾರ ಬಸುರಿಯರ ದಿನ. ಚಿಕ್ಕ ಆಸ್ಪತ್ರೆ, ಕಾರಿಡಾರಿನಲ್ಲಿ ಒಂದೇ ಉದ್ದನೆಯ ಬೆಂಚು, ಅದರ ಮೇಲೆ ಐದಾರು ಹೊಟ್ಟೆಗಳು ಸಾಲಾಗಿ ಕೂತಿರುತ್ತವೆ. ಗಂಡ ಸಿಗದ ಕಾರಣ ಅಂಗಡಿಗೆ ಬಾಗಿಲು ಎಳೆದು ಜೊತೆಗೆ ಹೋಗುತ್ತಿದ್ದವಳು ನಾನು. ಎರಡು ಹೆತ್ತವಳು ಎನ್ನುವ ಜಂಬವೂ ನನಗಿತ್ತು. ಆದರೆ ಆ ಬೆಂಚಿನ ಮೇಲೆ ನನ್ನ ಬೇಳೆ ಬೇಯುತ್ತಿರಲಿಲ್ಲ. ಅಲ್ಲಿ ಸಿಟಿ ಬಸ್ಸಿನ ಕಂಡಕ್ಟರಮ್ಮ ಇದ್ದಳು, ಮೂರನೇ ಬಸುರಿ, ಮಾತೆಲ್ಲ ಸೀಟಿ ಊದಿದ ಹಾಗೆ. ಅವಳ ಪಕ್ಕದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಚೊಚ್ಚಲು, ಫೋನು ನೋಡದೆ ಉಸಿರೂ ಬಿಡದವಳು. ಇವರಿಬ್ಬರ ನಡುವೆ ಸೀಲಮ್ಮ.

"ಬ್ಯಾಗು ರೆಡಿ ಮಾಡಿದ್ಯೇನೇ?" ಕಂಡಕ್ಟರಮ್ಮ ಕೇಳಿದಳು.

"ಇನ್ನೂ ಇಲ್ಲ ಅಕ್ಕ."

"ಮಾಡ್ಬಿಡು. ಮುಂದುಗಡೆ ಗುಂಡಿ ಇರೋ ನೈಟಿ ಎರಡು. ಮಗೂಗೆ ಹಳೇ ಮೆತ್ತನೆ ಬಟ್ಟೆ ಒಂದು ಡಜನ್. ಹೊಸ ಬಟ್ಟೆ ಮಾತ್ರ ಬೇಡ, ಮೈಗೆ ಚುಚ್ಚುತ್ತೆ."

"ಹಳೇದು ಹಾಕ್ಬೇಡಿ ಅಂತಿದೆ ಇದರಲ್ಲಿ," ಬ್ಯಾಂಕಿನವಳು ಫೋನ್ ಎತ್ತಿ ತೋರಿಸಿದಳು. "ಹೊಸದನ್ನೇ ಎರಡು ಸಲ ಒಗೆದು ಇಟ್ಕೋಬೇಕಂತೆ. ಟೋಪಿ ಮೂರು, ಕಾಲುಚೀಲ ಆರು ಜೊತೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ," ಅಂದೆ ನಾನು. ಯಾರೂ ನಗಲಿಲ್ಲ.

"ನನ್ನ ಮೊದಲನೇದಕ್ಕೆ ಬ್ಯಾಗೇ ಇರ್ಲಿಲ್ಲ ಕಣ್ರೇ," ಕಂಡಕ್ಟರಮ್ಮ ಮುಂದುವರಿಸಿದಳು. "ಟಿಕೆಟ್ ಚೀಲದಲ್ಲೇ ಎರಡು ಟವಲ್ ತುರುಕ್ಕೊಂಡಿದ್ದೆ. ನೀನು ಚೆನ್ನಾಗಿ ಓಡಾಡು, ಸಲೀಸಾಗಿ ಆಗುತ್ತೆ."

"ಜಾಸ್ತಿ ಓಡಾಡಬಾರದಂತೆ. ಎಡಗಡೆ ಮಗ್ಗುಲಾಗಿ ಮಲಗಬೇಕಂತೆ."

ಸೀಲಮ್ಮ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು. "ಎಡ ಅಂದ್ರೆ..." ಎಂದು ನನ್ನ ಕಡೆ ತಿರುಗಿದಳು. ನಾನು ಅವಳ ಎಡಗೈ ಹಿಡಿದು ಎತ್ತಿ ತೋರಿಸಿದೆ. ಅವಳು ಅದನ್ನೂ ಬರೆದುಕೊಂಡಳು.

ಬರೆದುಕೊಳ್ಳುವ ಚಟ ಅವಳಿಗೆ. ಯಾರು ಏನು ಹೇಳಿದರೂ ಒಂದು ಚೀಟಿಯಲ್ಲಿ ಗೀಚಿಕೊಳ್ಳುತ್ತಿದ್ದಳು. ತಲೆ ಗೊಂದಲಗೊಂಡಾಗ ಅವಳ ಕೈ ತಾನಾಗಿ ಸೀಲಿನ ಅಕ್ಷರಕ್ಕೆ ಇಳಿದುಬಿಡುತ್ತಿತ್ತು. ಹಿಂದಿನ ವಾರ ಗಂಡನಿಗೆ ಕೊಟ್ಟ ಸಾಮಾನಿನ ಚೀಟಿಯಲ್ಲಿ ಅರ್ಧ ಅಕ್ಷರ ಉಲ್ಟಾ. ಆ ಪುಣ್ಯಾತ್ಮ ಅಂಗಡಿಯ ಕನ್ನಡಿಗೆ ಹಿಡಿದು ಓದಿ, ಟವಲ್ ತರುವ ಬದಲು ಟೇಬಲ್ ಲ್ಯಾಂಪ್ ತಂದಿದ್ದ. ಅದನ್ನು ವಾಪಸ್ ಕೊಟ್ಟು ಬಾ ಎಂದು ಹೇಳುವುದಕ್ಕೂ ಇವಳಿಗೆ ಸಂಕೋಚ. ಹುಟ್ಟುವ ಮಗುವಿಗೆ ಟವಲ್ ಒಂದೂ ಇಲ್ಲ, ಓದಲು ದೀಪ ಮಾತ್ರ ಸಿದ್ಧವಾಗಿತ್ತು.

ಅಷ್ಟರಲ್ಲಿ ಇವಳ ಸರದಿ ಬಂತು. ಇಲ್ಲಿ ಆ ಆಸ್ಪತ್ರೆಯ ಒಂದು ಪದ್ಧತಿ ಹೇಳಬೇಕು. ದೊಡ್ಡ ಡಾಕ್ಟರ ಕೈಬರಹ ಅವರಿಗೇ ಓದಲು ಬಾರದು. ಅದಕ್ಕಾಗಿ ಎರಡು ವರ್ಷದ ಹಿಂದೆ ನಾಲ್ಕು ಸೀಲು ಮಾಡಿಸಿ, ಹಿಡಿಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ನಂಬರು ಬರೆಸಿದ್ದರು. ಡಾಕ್ಟರು ನೋಡಿ ನಂಬರು ಹೇಳಿದರೆ ನರ್ಸು ಆ ಸೀಲನ್ನು ಕಾರ್ಡಿನ ಮೇಲೆ ಒತ್ತಬೇಕು. ಎಲ್ಲರಿಗೂ ಸೀಲು ಬೀಳುವುದಿಲ್ಲ, ಕೆಲವರಿಗಷ್ಟೆ. ಆ ಸೀಲುಗಳನ್ನು ಕೆತ್ತಿದವಳು ಸೀಲಮ್ಮನೇ. ಮೊದಲಿದ್ದ ಹಿರಿಯ ನರ್ಸು ಸೀಲು ಒತ್ತಿ, ಕೂರಿಸಿಕೊಂಡು, ಹೀಗೆ ಹೀಗೆ ಎಂದು ಬಾಯಲ್ಲಿ ಬಿಡಿಸಿ ಹೇಳುತ್ತಿದ್ದರು. ಅವರು ನಿವೃತ್ತರಾಗಿ ಎರಡು ವಾರವಾಗಿತ್ತು. ಅವರ ಜಾಗಕ್ಕೆ ಹೊಸದಾಗಿ ಬಂದ ಹುಡುಗಿಯದು ಕೈ ಚುರುಕು, ಬಾಯಿ ಇಲ್ಲ.

ಡಾಕ್ಟರು ಸೀಲಮ್ಮನ ಹೊಟ್ಟೆಯನ್ನು ಆ ಕಡೆ ಈ ಕಡೆ ಒತ್ತಿ ನೋಡಿ "ಹೂಂ" ಅನ್ನುವಷ್ಟರಲ್ಲಿ ಒಳಗಿನಿಂದ ಕೂಗು ಬಂತು, ಯಾರಿಗೋ ಹೆರಿಗೆ ಕಷ್ಟವಾಗಿದೆಯೆಂದು. "ನಾಲ್ಕು ಹೊಡೀರಿ, ಹೇಳಿ ಕಳಿಸಿ" ಎನ್ನುತ್ತಾ ಡಾಕ್ಟರು ಓಡಿದರು. ನರ್ಸು ನಾಲ್ಕು ಹೊಡೆದಳು. "ಆಯ್ತು, ಹೊರಡಿ" ಎಂದು ಹೇಳಿ ಕಳಿಸಿದಳು.

ಸೀಲಮ್ಮ ಕಾರ್ಡು ಹಿಡಿದು ಹೊರಗೆ ಬಂದಳು. ನೇರಳೆ ಶಾಯಿಯಲ್ಲಿ ಎರಡೇ ಪದ: ಮಗು ತಿರುಗಿದೆ.

"ಇದು ನಾನು ಕೆತ್ತಿದ್ದು ಅಕ್ಕ. ಈ 'ಗ' ನೋಡು, ನಂದೇ."

"ಹಾಗಾದ್ರೆ ಏನರ್ಥ ಹೇಳು."

"ನಂಗೇನು ಗೊತ್ತು? ಅವರು ಬರೆದುಕೊಟ್ರು, ನಾನು ಕೆತ್ತಿದೆ. ಸಾವಿರ ಸೀಲು ಮಾಡಿದೀನಿ, ಎಲ್ಲದರ ಅರ್ಥ ತಿಳ್ಕೊಂಡು ಕೂತ್ರೆ ಆಗುತ್ತಾ?"

ಬೆಂಚು ಪೂರ್ತಿ ಕಾರ್ಡಿನ ಮೇಲೆ ಬಾಗಿತು.

"ಒಳ್ಳೇದೇ ಕಣೇ!" ಕಂಡಕ್ಟರಮ್ಮ ತೊಡೆ ತಟ್ಟಿದಳು. "ತಿರುಗಿದೆ ಅಂದ್ರೆ ತಲೆ ಕೆಳಗೆ ಬಂದಿದೆ ಅಂತ. ನನ್ನ ಎರಡನೇದು ಕೊನೇ ವಾರದ ತನಕ ಸತಾಯಿಸಿ ಆಮೇಲೆ ತಿರುಗ್ತು. ತಿರುಗ್ತು ಅಂತ ನಮ್ಮನೇಲಿ ಎಲ್ಲರೂ ಸಿಹಿ ತಿಂದ್ರು."

"ನಂಗೂ ಹೋದ ಗುರುವಾರ ಇದೇ ಸೀಲು ಹೊಡೆದ್ರು," ಅಂದಳು ಬ್ಯಾಂಕಿನವಳು. "ನಾನು ಗಾಬರಿಯಾಗಿ ಹುಡುಕಿ ನೋಡ್ದೆ. ಮಗು ತಿರುಗೋದು ಒಳ್ಳೇ ಲಕ್ಷಣ ಅಂತಲೇ ಎಲ್ಲ ಕಡೆ ಇದೆ."

ಸೀಲಮ್ಮನಿಗೆ ಸಮಾಧಾನವಾಗಲಿಲ್ಲ. "ತಲೆ ತಿರುಗಿದ್ರೆ ಕೆಟ್ಟದ್ದು. ಸೊಸೆ ತಿರುಗಿ ಬಿದ್ರೆ ಕೆಟ್ಟದ್ದು. ಮಗು ತಿರುಗಿದ್ರೆ ಮಾತ್ರ ಹೇಗಕ್ಕ ಒಳ್ಳೇದು?"

"ಅದೃಷ್ಟ ತಿರುಗಿದ್ರೆ?" ಕಂಡಕ್ಟರಮ್ಮ ಬಿಡಲಿಲ್ಲ. ಬೆಂಚು ನಕ್ಕಿತು, ಸೀಲಮ್ಮನೂ ಅರ್ಧ ನಕ್ಕಳು.

"ಒಳಗೆ ಹೋಗಿ ಕೇಳು," ಅಂದೆ.

"ಸೀಲು ಮಾಡಿದವಳೇ ಹೋಗಿ ಸೀಲಿನ ಅರ್ಥ ಕೇಳಿದ್ರೆ ನಗಲ್ವಾ ಅಕ್ಕ? ಡಾಕ್ಟ್ರು ಬೇರೆ ಒಳಗಿದಾರೆ. ಎಷ್ಟು ಹೊತ್ತಾಗುತ್ತೋ."

ನಾನಾದರೂ ಕೇಳಬಹುದಿತ್ತು. ನನಗೆ ಯಾರ ಸಂಕೋಚವೂ ಇಲ್ಲ. ಆದರೆ ಅಂಗಡಿಯ ಮುಂದೆ ಅಷ್ಟು ಹೊತ್ತಿಗೆ ಕಾಲೇಜು ಹುಡುಗರು ಸಾಲು ನಿಂತಿರುತ್ತಾರೆ ಎನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. "ಕೆಟ್ಟದ್ದಾಗಿದ್ರೆ ಕೂರಿಸಿ ಹೇಳ್ತಿರ್ಲಿಲ್ವಾ? ಹೊರಡಿ ಅಂದ್ರಲ್ಲ, ಹೊರಡು ಅಂತಲೇ ಅರ್ಥ. ನಡಿ," ಎಂದೆ. ಆ ಮಾತು ಆಡಿದವಳು ನಾನು. ಬೇರೆಯವರ ಸಂಕೋಚವನ್ನು ಆಡಿಕೊಳ್ಳುವವಳು ಇದನ್ನೂ ಹೇಳಬೇಕು.

ಶುಕ್ರವಾರವಿಡೀ ಅವಳು ಆ ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡೇ ಕೆಲಸ ಮಾಡಿದಳು. ಗಂಡ ಮಧ್ಯಾಹ್ನ ಊಟಕ್ಕೆ ಬಂದಾಗ ತೋರಿಸಿದಳು. ಅವನು ಗ್ರೀಸ್ ಮೆತ್ತಿದ ಬೆರಳಿನಿಂದ ಮುಟ್ಟದೆ, ದೂರದಿಂದಲೇ ಬಗ್ಗಿ ಓದಿದ.

"ಮೇಲಿದ್ದದ್ದು ಕೆಳಗೆ ಬಂದಿದೆ. ಅಂದ್ರೆ ಗ್ರೌಂಡ್ ಫ್ಲೋರಿಗೆ ಬಂದು ನಿಂತಿದೆ, ಬಾಗಿಲು ತೆಗೆಯೋದಷ್ಟೇ ಬಾಕಿ," ಅಂದ. ಎರಡು ತುತ್ತು ತಿಂದು ಅವನಿಗೇ ಅನುಮಾನ ಬಂತು. "ಅಲ್ಲಾ, ಕೆಳಗೆ ಇದ್ದದ್ದು ತಿರುಗಿ ಮೇಲೆ ಹೋಗಿಬಿಡ್ತಾ?"

"ನಂಗೊತ್ತಿಲ್ಲ ರೀ."

"ಎರಡರಲ್ಲಿ ಯಾವುದಾದ್ರೂ ಒಂದು ಇರುತ್ತೆ," ಎಂದು ಅವನು ಬುದ್ಧಿವಂತನಂತೆ ಹೇಳಿ ಕೈ ತೊಳೆದುಕೊಂಡು ಹೋದ. ಎರಡೂ ಅಲ್ಲದ ಮೂರನೆಯದೊಂದು ಇರಬಹುದು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಲಿಫ್ಟು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಅಷ್ಟೇ ತಾನೆ.

ಸಂಜೆ ಅಮ್ಮನಿಗೆ ಫೋನ್ ಮಾಡಿದಳು. ಮುದುಕಿಗೆ ಕಿವಿ ಮಂದ, ಹಾಗಾಗಿ ಇಬ್ಬರ ಮಾತೂ ನನ್ನ ಅಂಗಡಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ತಿರುಗಿದೆಯಂತೆ ಅಮ್ಮ."

"ಎತ್ತ ತಿರುಗಿದೆಯಂತೆ?"

"ಎತ್ತ ಅಂತ ಬರೆದಿಲ್ಲ."

"ಎತ್ತ ಅಂತ ಬರೆಯದೆ ಅದೆಂಥ ಸೀಲೇ? ಯಾವ ಪುಣ್ಯಾತ್ಗಿತ್ತಿ ಮಾಡಿದ್ದು ಅದನ್ನ?"

"ನಾನೇ ಅಮ್ಮ."

ನನಗೆ ನಗು ತಡೆಯಲಾಗಲಿಲ್ಲ. ಮುದುಕಿಯೂ ನಕ್ಕಿತು. "ಸರಿ, ಬಂದುಬಿಡು. ಮೊಮ್ಮಗುವಿನ ಬಟ್ಟೆ ಎಲ್ಲ ಒಗೆದು ಮಡಿಸಿಟ್ಟಿದೀನಿ," ಅಂದಿತು. ಆ ಗೊಂದಲದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಆ ಕಿವುಡು ಮುದುಕಿ ಒಂದೇ. ನಾವು ಅದನ್ನು ತಮಾಷೆ ಮಾಡಿ ಮುಗಿಸಿದೆವು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದ್ದ ಆ ಎರಡು ಪದಗಳನ್ನು ನಮಗೆ ಬೇಕಾದ ಕಡೆಯ ಬೆಳಕಲ್ಲೇ ಓದಿಕೊಂಡೆವು.

ಶನಿವಾರ ಹತ್ತು ಗಂಟೆಗೆ ಅವಳು ಅಂಗಡಿಯ ಬೀಗದ ಕೈ ಕೊಡಲು ಬಂದಳು. ಗಂಡ ರಜೆ ಹಾಕಿ ಸಾಮಾನು ಸಮೇತ ಆಗಲೇ ಬಸ್ ನಿಲ್ದಾಣಕ್ಕೆ ಹೋಗಿದ್ದ. ಒಂದು ಗಂಟೆಯ ಬಸ್ಸಿಗೆ ಹತ್ತಕ್ಕೇ ಹೋಗಿ ಕೂರುವ ಆಸಾಮಿ ಅವನು. ಇವಳು ಬಾಕಿ ಉಳಿದಿದ್ದ ಒಂದೆರಡು ಸೀಲುಗಳಿಗೆ ಹಿಡಿ ಅಂಟಿಸುತ್ತಾ ಕೂತಳು. ಅಷ್ಟರಲ್ಲಿ ಟ್ಯೂಷನ್ ಮೇಷ್ಟ್ರು ಬಂದರು. ಮಕ್ಕಳ ಪರೀಕ್ಷೆಯ ಹಾಳೆಯ ಮೇಲೆ ಒತ್ತಲು ಅವರಿಗೊಂದು ಸೀಲು ಬೇಕಿತ್ತು: 'ಪೋಷಕರ ಸಹಿ ಕಡ್ಡಾಯ'. ಆರಿಸಿದ್ದು ಎಂದಿನಂತೆ ಅತಿ ಚಿಕ್ಕ ಹಿಡಿ.

ಗೋಡೆಯಾಚೆಯಿಂದ ನಿತ್ಯದ ಮಾತು ಕೇಳಿತು. "ಒಂದು ಪದ ಬಿಡಬೇಕಾಗುತ್ತೆ ಸರ್, ಜಾಗ ಸಾಲಲ್ಲ. ಈ ಡಕ್ಕೆ ಡ ಒತ್ತು ಇದೆಯಲ್ಲ, ಕೆಳಗೆ ಇಳಿಯುತ್ತೆ. 'ಕಡ್ಡಾಯ' ಬಿಟ್ಟುಬಿಡಲಾ?"

"ಅದನ್ನೇ ಬಿಟ್ರೆ ಇನ್ನೇನಮ್ಮ ಉಳೀತು?" ಮೇಷ್ಟ್ರು ರೇಗಿದರು. "ಪೋಷಕರ ಸಹಿ! ಸರಿ, ಸಹಿಗೆ ಏನಾಗ್ಬೇಕು? ಇರೋದೇ ಆ ಪದದಲ್ಲಿ ಅಲ್ವಾ?"

ಆಮೇಲೆ ಏನೋ ದಡಬಡ ಸದ್ದು ಕೇಳಿತು. "ಏನಮ್ಮಾ? ಏನಾಯ್ತು?" ಎಂದು ಮೇಷ್ಟ್ರ ದನಿ ಬದಲಾದಾಗ ನಾನು ಮೆಷಿನ್ ನಿಲ್ಲಿಸಿ ಎದ್ದು ಹೋದೆ. ಸೀಲಮ್ಮ ಮೇಜಿನ ಕೆಳಗಿನ ಪೆಟ್ಟಿಗೆ ಎಳೆದು ಹಳೆಯ ಪುಸ್ತಕಗಳನ್ನು ನೆಲಕ್ಕೆ ಸುರಿಯುತ್ತಿದ್ದಳು. ಆ ಹೊಟ್ಟೆ ಹೊತ್ತು ನೆಲದ ಮೇಲೆ ಕೂತಿದ್ದಳು. ಪ್ರತಿ ಸೀಲಿನ ಮೊದಲ ಅಚ್ಚನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಒತ್ತಿ, ಪಕ್ಕದಲ್ಲಿ ಗಿರಾಕಿ ಬರೆದುಕೊಟ್ಟ ಚೀಟಿಯನ್ನು ಪಿನ್ನು ಹಾಕಿ ಇಟ್ಟುಕೊಳ್ಳುತ್ತಾಳೆ. ಎರಡು ವರ್ಷ ಹಿಂದಿನ ಪುಸ್ತಕದ ನಡುವಿನಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕಿತು. ಹಿರಿಯ ನರ್ಸಿನ ದುಂಡು ಅಕ್ಷರ, ನಾಲ್ಕು ಸಾಲು. ಒಂದು, ಬಿಪಿ ಇದೆ. ಎರಡು, ಶುಗರ್ ಇದೆ. ಮೂರು, ಅವಳಿ. ನಾಲ್ಕು, ಮಗು ಅಡ್ಡ ತಿರುಗಿದೆ.

'ಅಡ್ಡ' ಎನ್ನುವುದರ ಮೇಲೆ ಕೆಂಪು ಪೆನ್ಸಿಲ್ಲಿನ ಗೀಟು. ಅಂಚಿನಲ್ಲಿ ಸೀಲಮ್ಮನ ಕೈಬರಹ: 'ಜಾಗ ಸಾಲದು. ಕೇಳಿ ಬಿಟ್ಟಿದೆ.'

"ಆವತ್ತು ಆಸ್ಪತ್ರೆಯಿಂದ ಬಂದಿದ್ದ ಆಯಾನ್ನ ಕೇಳಿದ್ದೆ ಅಕ್ಕ," ಅಂದಳು. "ಬಿಟ್ಟುಬಿಡಮ್ಮ, ನಮ್ಮ ಆಸ್ಪತ್ರೆಯೋರಿಗೆ ಗೊತ್ತಿರುತ್ತೆ ಅಂದ್ಲು. ಬಿಟ್ಟೆ."

ನಾಲ್ಕು ಸೀಲಿನಲ್ಲಿ ಒಂದೂ ಒಳ್ಳೆಯ ಸುದ್ದಿಯದಲ್ಲ. ನಾನು ಆ ಚೀಟಿಯನ್ನು ಎರಡು ಸಲ ಓದಿದೆ. ತಲೆ ಮೇಲೋ ಕೆಳಗೋ ಎಂದು ಮೂರು ದಿನ ಜಗಳಾಡಿದೆವು. ಮಗು ಅಡ್ಡಡ್ಡ ಮಲಗಿತ್ತು. ಮೇಷ್ಟ್ರು ಪಾಪ, ತಮ್ಮದೇ ತಪ್ಪೆಂದುಕೊಂಡು "ದೊಡ್ಡ ಹಿಡೀನೇ ಹಾಕಮ್ಮ, ಪರವಾಗಿಲ್ಲ" ಎನ್ನುತ್ತಾ ನಿಂತಿದ್ದರು. ನಾನು ಅವರಿಗೆ ಎರಡೂ ಅಂಗಡಿಯ ಬಾಗಿಲು ಎಳೆದುಕೊಳ್ಳಲು ಹೇಳಿ, ಇವಳನ್ನು ಆಟೋಗೆ ಹತ್ತಿಸಿದೆ.

ಆಸ್ಪತ್ರೆಯಲ್ಲಿ ಟೋಕನ್ ತಗೊಳ್ಳಿ ಎಂದರು. ಹನ್ನೊಂದು ವರ್ಷದಲ್ಲಿ ಒಬ್ಬರಿಗೂ ಎದುರು ಮಾತಾಡದವಳು, ಟೋಕನ್ನಿನವನ ಮುಖವನ್ನೂ ನೋಡದೆ ನೇರ ಹೋಗಿ ಡಾಕ್ಟರ ಬಾಗಿಲು ನೂಕಿದಳು. ನಾನು ಹಿಂದೆ. ಒಳಗೆ ಯಾರೋ ಮಲಗಿದ್ದರು, ಡಾಕ್ಟರು ಸಿಡುಕಿ ತಿರುಗಿದರು. ಇವಳು ಒಂದು ಕೈಯಲ್ಲಿ ಕಾರ್ಡು, ಇನ್ನೊಂದು ಕೈಯಲ್ಲಿ ಚೀಟಿ ಚಾಚಿದಳು.

"ಯಾವುದು ಡಾಕ್ಟ್ರೇ? ಇದಾ, ಇದಾ?"

ಡಾಕ್ಟರು ಎರಡನ್ನೂ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. "ಇದು," ಎಂದು ಚೀಟಿಯ ಮೇಲೆ ಬೆರಳಿಟ್ಟರು. "ನಿಮಗೆ ಮೊನ್ನೆಯೇ ಹೇಳಿರ್ಬೇಕಲ್ಲ? ಇವತ್ತು ಬೆಳಿಗ್ಗೆ ಬಂದು ಅಡ್ಮಿಟ್ ಆಗಿ ಅಂತ?"

"ಒಂದು ಗಂಟೆ ಬಸ್ಸಿಗೆ ಊರಿಗೆ ಹೊರಟಿದ್ದೆ ಡಾಕ್ಟ್ರೇ."

ಡಾಕ್ಟರು ಕುರ್ಚಿ ಹಿಡಿದು ಕೂತರು. "ದಾರೀಲಿ ನೀರು ಹೋಗಿದ್ರೆ, ಮಗೂಗಿಂತ ಮುಂಚೆ ಹೊಕ್ಕುಳಬಳ್ಳಿ ಜಾರಿಬಿಡಬಹುದು. ಆಮೇಲೆ ನಿಮಿಷಗಳ ಲೆಕ್ಕ. ಯಾರ್ರೀ ನಿಮಗೆ ಹೊರಡಬಹುದು ಅಂತ ಹೇಳಿದ್ದು?"

ಸೀಲಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. "ನಾನು," ಅಂದೆ. ಹೊಸ ನರ್ಸು ಆಗಲೇ ಅಳುತ್ತಿದ್ದಳು. "ತಿರುಗಿದೆ ಅಂದ್ರೆ ಸರಿಹೋಯ್ತು ಅಂದ್ಕೊಂಡೆ ಮೇಡಂ. ಸರಿಹೋದೋರಿಗೆ ಏನು ಹೇಳೋದು ಅಂತ ಹೊರಡಿ ಅಂದೆ." ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳು ಅಂದುಕೊಂಡದ್ದನ್ನೇ ಬೆಂಚು ಪೂರ್ತಿ ಅಂದುಕೊಂಡಿತ್ತು.

"ಬ್ಯಾಂಕಿನ ಹುಡುಗಿಗೂ ಇದೇ ಹೊಡೆದಿದ್ದೀರಿ," ಅಂದಳು ಸೀಲಮ್ಮ. "ಅವಳಿಗೂ ಗೊತ್ತಿಲ್ಲ. ಈಗಲೇ ಫೋನ್ ಮಾಡಿ." ಅದು ಬೇಡಿಕೊಳ್ಳುವ ದನಿಯಾಗಿರಲಿಲ್ಲ. ನರ್ಸು ರಿಜಿಸ್ಟರ್ ತೆಗೆದಳು. ಎರಡು ವಾರದಲ್ಲಿ ನಾಲ್ಕನೇ ನಂಬರು ಬಿದ್ದದ್ದು ಇಬ್ಬರಿಗೇ. ಬ್ಯಾಂಕಿನವಳು ಅರ್ಧ ಗಂಟೆಯಲ್ಲಿ ಬಂದಳು. ಅವಳಿಗಿನ್ನೂ ಮೂವತ್ತೆರಡನೇ ವಾರ, ಹೆದರಬೇಡ, ಸಮಯವಿದೆ ಎಂದರು ಡಾಕ್ಟರು. ಫೋನು ಕೈಯಲ್ಲೇ ಇತ್ತು, ಆದರೆ ಅವಳು ಅದನ್ನು ನೋಡಲಿಲ್ಲ. ಡಾಕ್ಟರ ಬಾಯನ್ನೇ ನೋಡುತ್ತಾ ಕೂತಿದ್ದಳು.

ಒಂದು ಗಂಟೆಯ ಬಸ್ಸು ಒಂದು ಗಂಟೆಗೆ ಹೊರಟಿತು. ಗಂಡ ಸಾಮಾನು ಹೊತ್ತು ಆಸ್ಪತ್ರೆಗೆ ಓಡಿ ಬಂದ. ಗಡಿಬಿಡಿಯಲ್ಲಿ ಆ ಟೇಬಲ್ ಲ್ಯಾಂಪೂ ಜೊತೆಗೆ ಬಂದಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ, ವಾರ್ಡಿನ ಸಿಂಕಿನ ಮುಂದೆ ಹಲ್ಲುಜ್ಜುತ್ತಾ ನಿಂತಿದ್ದಾಗ ಅವಳ ನೀರು ಹೋಯಿತು. ಅರ್ಧ ಗಂಟೆಯೊಳಗೆ ಆಪರೇಷನ್ ಆಯಿತು. ಹೆಣ್ಣು ಮಗು. ಹೊರಗೆ ಬಂದ ತಕ್ಷಣ ಬೀದಿ ಕೇಳುವ ಹಾಗೆ ಅತ್ತಿತು, ಅಮ್ಮನ ಸಂಕೋಚ ಒಂದು ಚೂರೂ ಬಂದಿಲ್ಲ. ಶನಿವಾರದ ಬಸ್ಸಿಗೆ ಹೊರಟಿದ್ದರೆ ಇವಳು ಆ ಹೊತ್ತಿಗೆ ಅಮ್ಮನ ಮನೆಯಲ್ಲಿರುತ್ತಿದ್ದಳು. ಆ ಊರಿನ ದವಾಖಾನೆಗೆ ಭಾನುವಾರ ಬೀಗ. ಮಗುವನ್ನು ನನ್ನ ಕೈಗೆ ಕೊಟ್ಟಾಗ ಈ ಲೆಕ್ಕ ತಲೆಗೆ ಬಂದು ನಾನು ಕಾರಿಡಾರಿನ ಆ ಬೆಂಚಿನ ಮೇಲೆ ಕೂತು ಅತ್ತೆ. ಕಂಡಕ್ಟರಮ್ಮ ನೋಡಲು ಬಂದವಳು ನನ್ನ ಪಕ್ಕ ಕೂತಳು. ಚೀಲದಿಂದ ಒಂದು ಟವಲ್ ತೆಗೆದು ನನ್ನ ಕೈಗಿಟ್ಟಳು.

ಬ್ಯಾಂಕಿನವಳ ಮಗು ಎರಡು ವಾರದ ನಂತರ ತಾನಾಗಿ ಸರಿಯಾಗಿ ತಿರುಗಿತು. ಅದಕ್ಕೆ ಯಾವ ಪದ ಬಳಸಬೇಕೋ ತಿಳಿಯದೆ ಅವಳು ನನಗೆ ಫೋನ್ ಮಾಡಿ, "ಅಕ್ಕ, ತಿರುಗಿದೆ! ಅಂದ್ರೆ ಆ ತಿರುಗಿದ್ದಲ್ಲ, ಈ ತಿರುಗಿದ್ದು" ಎಂದು ಐದು ನಿಮಿಷ ವಿವರಿಸಿದಳು.

ಎರಡು ತಿಂಗಳಿಗೆ ಸೀಲಮ್ಮ ಅಂಗಡಿ ತೆರೆದಳು. ಮಗುವನ್ನು ನನ್ನ ಮೇಜಿನ ಮೇಲೆ, ಜೆರಾಕ್ಸ್ ಕಾಗದದ ಪೆಟ್ಟಿಗೆಯಲ್ಲಿ ಮಲಗಿಸಿ, ಮೊದಲು ಕೈಗೆತ್ತಿಕೊಂಡದ್ದು ಆಸ್ಪತ್ರೆಯ ನಾಲ್ಕನೇ ನಂಬರಿನ ಸೀಲನ್ನು. ಅಂದೇ ಡ್ರಾಯರಿಗೆ ಎಸೆದಿದ್ದ ಅದನ್ನು ಡಾಕ್ಟರು ಈಗ ಹೊಸದಾಗಿ ಕೆತ್ತಿಕೊಡಲು ಹೇಳಿ ಕಳಿಸಿಕೊಟ್ಟಿದ್ದರು. ಹಿಡಿ ಮಾತ್ರ ಅಷ್ಟೇ ಚಿಕ್ಕದು, ಉಳಿದ ಮೂರರ ಜೊತೆ ಸ್ಟ್ಯಾಂಡಿನಲ್ಲಿ ಕೂರಬೇಕಲ್ಲ. "ಇದರಲ್ಲಿ ಮೂರು ಪದ ಹೇಗೆ ಹಿಡಿಸ್ತೀಯೇ?" ಎಂದು ಕೇಳಿದೆ. ಅವಳು ಹಳೆಯ ರಬ್ಬರ್ ಕಿತ್ತು, ಹೊಸದನ್ನು ಕತ್ತರಿಸಿ, ಬಗ್ಗಿ ಕೂತಳು. ಒತ್ತಿಗೆ ಬೇಕಾದಷ್ಟು ಜಾಗ ಬಿಟ್ಟು, ಯಾವತ್ತೂ ಇಲ್ಲದಷ್ಟು ನಿಧಾನವಾಗಿ ಕೆತ್ತಿದಳು.

ಮರುದಿನ ಗುರುವಾರ. ನಾನು ಮಗು ಎತ್ತಿಕೊಂಡೆ, ಅವಳು ಸೀಲು ಹಿಡಿದುಕೊಂಡಳು. ಬೆಂಚಿನ ಮೇಲೆ ಹೊಸ ಹೊಟ್ಟೆಗಳು, ಅದೇ ಮಾತು: ಹಳೇ ಬಟ್ಟೆಯೋ ಹೊಸದೋ, ಓಡಾಡಬೇಕೋ ಮಲಗಬೇಕೋ. ಡಾಕ್ಟರು ಸೀಲನ್ನು ಶಾಯಿಗೆ ತಾಗಿಸಿ ಒಂದು ಬಿಳಿ ಹಾಳೆಯ ಮೇಲೆ ಒತ್ತಿದರು. 'ಅಡ್ಡ' ಎಂದು ಬಿತ್ತು. ದಪ್ಪನೆಯ ಒಂದೇ ಪದ, ಕೆಳಗೆ ಅದರ ಒತ್ತು ಆರಾಮವಾಗಿ ಕೂತಿತ್ತು.

"ಇಷ್ಟೇನಾ?" ಅಂದರು ಡಾಕ್ಟರು.

"ಇಷ್ಟೇ ಡಾಕ್ಟ್ರೇ," ಅಂದಳು ಸೀಲಮ್ಮ. "ಮಿಕ್ಕಿದ್ದು ಕೂರಿಸಿ, ಬಾಯಲ್ಲಿ ಹೇಳಿ."